ನಾಲ್ಕನೇ ಜೋಡಿ

ಅಬುಧಾಬಿಯ ಅಲ್ ಮೀನಾ ಮಾರುಕಟ್ಟೆಯಲ್ಲಿ ಜಗಳವಾಡದೆ ಮೀನು ಕೊಳ್ಳುವವರನ್ನು ನಾನು ನಂಬುವುದಿಲ್ಲ. ಮಲ್ಪೆಯಲ್ಲಿ ಹುಟ್ಟಿದವಳು ನಾನು. ಬಂಗುಡೆಯ ಕಿವಿರು ಎತ್ತಿ ನೋಡದೆ ಚೀಲಕ್ಕೆ ತುಂಬಿಕೊಳ್ಳುವ ಹೆಂಗಸರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ, ೨೦೦೦ದ ಚಳಿಗಾಲದ ಒಂದು ಶುಕ್ರವಾರ ಬೆಳಿಗ್ಗೆ, ಅಂಗಡಿಯವನ ಜೊತೆ ಅರಬ್ಬಿಯಲ್ಲಿ ಜೋರಾಗಿ ಚೌಕಾಸಿ ನಡೆಸಿದ್ದ ಒಬ್ಬ ಎತ್ತರದ ಕಪ್ಪು ಹೆಂಗಸನ್ನು ಕಂಡು ನನಗೆ ಖುಷಿಯೋ ಖುಷಿ. ಗುಂಗುರು ಕೂದಲು, ಅಗಲವಾದ ಭುಜ, ಹೂವಿನ ಅಂಗಿ. ಸುಡಾನಿನವಳಿರಬೇಕು ಎಂದುಕೊಂಡೆ. ಅಂಗಡಿಯವನು ಅತ್ತ ತಿರುಗಿದ್ದೇ ತಡ, ಅವಳು ಕೈಯಲ್ಲಿದ್ದ ಮೀನಿಗೇ ಹೇಳಿದಳು:

“ಮೊನ್ನೀನ ಸತ್ತದ್ದು ನೀ. ಇಂವಾ ನನ್ನ ಕಣ್ಣಿಗೆ ಮಣ್ಣು ಹಾಕಾಕ ನೋಡ್ತಾನ.”

ನನ್ನ ಚೀಲ ಕೆಳಗೆ ಬಿತ್ತು. “ನೀವು ಕನ್ನಡದವರಾ ಮಾರಾಯ್ರೆ?” ಎಂದೆ.

“ಹೌದ್ರೀ. ಹಳಿಯಾಳದಾಕಿ. ಮಾರ್ಟಿನಾ ಅಂತ. ನೀವು ಅಮಿತಾನ ಅವ್ವ ಅಲ್ಲೇನ್ರೀ? ನಿಮ್ಮ ಮಗಳು ದಿನಾ ಉಪ್ಪಿಟ್ಟು ನಮ್ಮ ಡ್ರೈವರಗ ಕೊಟ್ಟು ಬಿಸ್ಕೀಟ ತಿಂತಾಳ, ಗೊತ್ತೈತೋ ಇಲ್ಲೋ?”

ನನ್ನ ಮಗಳು ಮನೆಯಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ‘ಬಸ್ಸಿನ ಮಾರ್ಟಿನಾ ಆಂಟಿ’ ಇವಳೇ. ಮಗಳನ್ನು ಬಸ್ಸಿಗೆ ಬಿಡುವ ಅವಸರದಲ್ಲಿ ನಾನು ಇವಳ ಮುಖ ಸರಿಯಾಗಿ ನೋಡಿರಲೇ ಇಲ್ಲ. ಆಫ್ರಿಕಾದಿಂದ ಗುಲಾಮರಾಗಿ ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದವರ ಕುಲ ಇವಳದು, ಸಿದ್ದಿಯರು. ನಾನು ಉಡುಪಿಯವಳು, ಅವಳು ನನ್ನ ಪಕ್ಕದ ಜಿಲ್ಲೆಯವಳು. ಭೇಟಿಯಾಗಲು ಇಬ್ಬರೂ ಅರಬ್ಬೀ ಸಮುದ್ರ ದಾಟಿ ಬರಬೇಕಾಯಿತು. ಅಂದು ಅವಳು ನನಗೆ ತಾಜಾ ಬಂಗುಡೆ ಕೊಡಿಸಿದಳು, ನಾನು ಮಗಳಿಗೆ ಉಪ್ಪಿಟ್ಟು ಕಟ್ಟುವುದನ್ನು ಬಿಟ್ಟೆ.

ಮಾರ್ಟಿನಾಳದು ಇಂಡಿಯನ್ ಶಾಲೆಯೊಂದರ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ. ಮೊದಲು ಒಂದು ಗುಜರಾತಿ ಕುಟುಂಬದ ಮನೆಗೆಲಸಕ್ಕೆ ಬಂದವಳು, ಅವರು ಊರಿಗೆ ಹಿಂದಿರುಗಿದಾಗ ಈ ಕೆಲಸ ಹಿಡಿದಳು. ಗಂಟಲು ಗುಡುಗು. “ಯಲ್ಲಾ, ಕುಂಡ್ರ್ರೀ ಎಲ್ಲಾರೂ!” ಎಂದರೆ ಮಕ್ಕಳಲ್ಲದೆ ಪಕ್ಕದ ಬಸ್ಸಿನ ಡ್ರೈವರೂ ಕೂರುತ್ತಿದ್ದ. ಕೊನೆಯ ಮಗು ಇಳಿದ ಮೇಲೂ ಬಸ್ಸಿನ ಹಿಂದಿನ ಸೀಟಿನವರೆಗೆ ನಡೆದು, ಯಾರಾದರೂ ಮಲಗಿಬಿಟ್ಟಿದ್ದಾರೋ ಎಂದು ಪ್ರತಿ ಸೀಟನ್ನೂ ಮುಟ್ಟಿ ನೋಡುತ್ತಿದ್ದಳು. ಹಾಗೆ ಮಾಡಲು ಅವಳಿಗೆ ಯಾರೂ ಹೇಳಿರಲಿಲ್ಲ. ಅಮ್ಮಂದಿರು ಮಾತ್ರ ಅವಳ ಮುಖ ನೋಡಿದ ಕೂಡಲೇ ಇಂಗ್ಲಿಷಿಗೆ ಜಾರುತ್ತಿದ್ದರು. ಮೈಸೂರು ಕಡೆಯ ಒಬ್ಬಾಕೆ “ವಿಚ್ ಕಂಟ್ರಿ?” ಎಂದು ಕೇಳಿದ್ದಕ್ಕೆ ಮಾರ್ಟಿನಾ ಗಂಭೀರವಾಗಿ “ಕರ್ನಾಟಕ ಕಂಟ್ರಿ, ಮೇಡಂ” ಎಂದಳಂತೆ. ಆಕೆ “ಓ, ನೈಸ್” ಎಂದು ಹೋದರಂತೆ. ಇದನ್ನು ಹೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನಗೆ ಮಾತ್ರ ಆ ಹೆಂಗಸಿನ ಮನೆ ಹುಡುಕಿಕೊಂಡು ಹೋಗಿ ನಾಲ್ಕು ಮಾತು ಕೇಳಿ ಬರೋಣ ಅನಿಸುತ್ತಿತ್ತು.

ಮೀನಾ ಮಾರುಕಟ್ಟೆಯ ಹಿಂದಿನ ಹಳೆಯ ಕಟ್ಟಡವೊಂದರ ಕೋಣೆಯಲ್ಲಿ ಅವಳ ವಾಸ. ಜೊತೆಗೆ ಆಮಿನ. ಇವಳೂ ಸಿದ್ದಿಯವಳೇ, ಯಲ್ಲಾಪುರ ಕಡೆಯ ಮುಸ್ಲಿಂ. ಸಣ್ಣ ಆಳು, ಸೂಜಿಯಂಥ ನಾಲಿಗೆ. ಅರಬ್ ಹೆಂಗಸರ ಕಪ್ಪು ನಿಲುವಂಗಿ, ಅಬಾಯ, ಹೊಲಿಯುವ ಅಂಗಡಿಯಲ್ಲಿ ಅಂಚು ಕಟ್ಟುವ ಕೆಲಸ. ಉಳಿದ ಕಪ್ಪು ಚೂರುಗಳನ್ನೆಲ್ಲ ತಂದು ಕೌದಿ ಹೊಲಿಯುತ್ತಿದ್ದಳು; ಕಪ್ಪಿನ ಮೇಲೆ ಕಪ್ಪು, ನಾಲ್ಕು ಮೂಲೆಗೆ ಮಾತ್ರ ಕೆಂಪು ಹೂವು. “ಮೂಲ್ಯಾಗ ಹೂವಿಲ್ಲದ ಕೌದಿ ಬತ್ತಲಿ ಇದ್ದಂಗ” ಎನ್ನುತ್ತಿದ್ದಳು. ಒಂಟಿ ಗಂಡಸರು ಕೋಣೆಗಾಗಿ ಅಲೆಯುವ ಆ ಊರಿನಲ್ಲಿ ಇಬ್ಬರು ಹೆಂಗಸರು ಒಂದು ಕೋಣೆಯಲ್ಲಿದ್ದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಹನ್ನೊಂದು ವರ್ಷ ಯಾರೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ.

ಕೇಳಿದವರು ಪ್ರೊಫೆಸರ್ ಜೋಸ್ಫಿನ್.

ನಾನು ಆಗ ಒಂದು ವಿಶ್ವವಿದ್ಯಾಲಯದ ವಿಭಾಗದಲ್ಲಿ ಸೆಕ್ರೆಟರಿ. ೨೦೦೩ರ ಶುರುವಿಗೆ ಟ್ರಿನಿಡಾಡಿನಿಂದ ಎರಡು ವರ್ಷಕ್ಕೆ ಪಾಠ ಹೇಳಲು ಬಂದ ಈ ಪ್ರೊಫೆಸರ್ ಐವತ್ತು ದಾಟಿದ ಕಪ್ಪು ಹೆಂಗಸು. ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡು, ಬೆಳ್ಳಿಯ ದೊಡ್ಡ ಓಲೆ ಹಾಕುತ್ತಿದ್ದರು. ಅವರ ಬುಧವಾರದ ಉಪನ್ಯಾಸಕ್ಕೆ ಕುರ್ಚಿ ಜೋಡಿಸಿಕೊಟ್ಟು ನಾನು ಹಿಂದೆ ಕೂರುತ್ತಿದ್ದೆ. ಮೊದಮೊದಲು ಎಸಿಯ ಆಸೆಗೆ, ಆಮೇಲೆ ನಿಜವಾಗಿಯೂ ಕೇಳಲು. ಕಪ್ಪು ಹೆಂಗಸಿನ ಬಗ್ಗೆ ಬರೆಯುವವರು ಅವಳ ಬಣ್ಣವನ್ನು ಒಂದು ಪೆಟ್ಟಿಗೆಯಲ್ಲಿ, ಹೆಣ್ಣುತನವನ್ನು ಇನ್ನೊಂದರಲ್ಲಿ ಇಡುತ್ತಾರೆ, ಆದರೆ ಬಸ್ಸಿನಲ್ಲಿ ಅವಳಿಗೆ ಸೀಟು ಬಿಡದವನು ಯಾವ ಪೆಟ್ಟಿಗೆಯನ್ನು ನೋಡಿ ಬಿಡಲಿಲ್ಲ ಎಂದು ಅವಳು ಹೇಗೆ ಹೇಳಬೇಕು ಎಂದು ಕೇಳುತ್ತಿದ್ದರು. ಎಲ್ಲರೂ ಅವಳ ಕಷ್ಟವನ್ನೇ ಬರೆದರು, ಅವಳು ಯಾರ ಜೊತೆ ನಕ್ಕಳು, ಯಾರಿಗಾಗಿ ಮೀನಿನ ತಲೆ ಎತ್ತಿಟ್ಟಳು ಎಂದು ಯಾರೂ ಬರೆಯಲಿಲ್ಲ ಎನ್ನುತ್ತಿದ್ದರು. ಮೀನಿನ ತಲೆಯ ಮಾತು ಬಂದಾಗ ನಾನು ನೆಟ್ಟಗೆ ಕುಳಿತೆ.

“ಪ್ರೊಫೆಸರ್, ನಮ್ಮ ಊರಿನವಳು ಒಬ್ಬಳಿದ್ದಾಳೆ” ಎಂದು ಮರುದಿನವೇ ಹೇಳಿದೆ.

ಹಾಗೆ ನಾವು ಮೂವರೂ ಆ ಕೋಣೆಯಲ್ಲಿ, ಕಪ್ಪು ಕೌದಿಯ ಮೇಲೆ ಕೂತು ಆಮಿನಳ ಚಹಾ ಕುಡಿಯುವುದು ಶುರುವಾಯಿತು. ನಾನು ದುಭಾಷಿ. ಪ್ರೊಫೆಸರ್ ಟೇಪ್ ರೆಕಾರ್ಡರ್ ಹಿಡಿದು ಬಂದದ್ದು ಮಾರ್ಟಿನಾಳನ್ನು ಪ್ರಶ್ನಿಸಲು. ಅರ್ಧ ಗಂಟೆಯಲ್ಲಿ ಮಾರ್ಟಿನಾಳೇ ಅವರನ್ನು ಪ್ರಶ್ನಿಸುತ್ತಿದ್ದಳು. ನಿಮ್ಮ ಕಡೆ ನಮ್ಮಂಗ ಡಮಾಮಿ ಡೋಲು ಬಾರಿಸ್ತಾರೇನು? ನಿಮ್ಮ ಮುತ್ತಜ್ಜಿ ಯಾವ ಹಡಗಿನಾಗ ಬಂದಾಕಿ? ನಿಮಗ ಗಂಡ ಎಲ್ಲಿ?

ಗಂಡನಿಲ್ಲ ಎಂದರು ಪ್ರೊಫೆಸರ್. ಊರಿನಲ್ಲಿ ಒಬ್ಬ ಶಾಲಾ ಟೀಚರ್ ಇದ್ದಾಳೆ, ಇಪ್ಪತ್ತು ವರ್ಷದಿಂದ ಒಂದೇ ಮನೆ, ಒಂದೇ ಹಾಸಿಗೆ, ಅವಳೇ ನನ್ನ ಸಂಸಾರ ಎಂದರು. ವಿಶ್ವವಿದ್ಯಾಲಯದಲ್ಲಿ ಅವರು ಬಣ್ಣದ ಮಾತು ಆಡುತ್ತಿದ್ದರು, ಹೆಣ್ಣಿನ ಮಾತು ಆಡುತ್ತಿದ್ದರು, ಈ ಮೂರನೆಯ ಮಾತನ್ನು ಮಾತ್ರ ಬಾಗಿಲ ಹೊರಗೇ ಬಿಟ್ಟು ಬರುತ್ತಿದ್ದರು. ದೇಶದ ಕಾನೂನು ಅಂಥದ್ದು. ಈ ಪುಟ್ಟ ಕೋಣೆಯಲ್ಲಿ ಮಾತ್ರ ಮೂರನ್ನೂ ಒಟ್ಟಿಗೆ ಆಡಿದರು. ನಾನು ತಡವರಿಸುತ್ತ ಅನುವಾದ ಮಾಡಿದೆ. ಆಮಿನ ಚಹಾದ ಲೋಟ ಕೆಳಗಿಟ್ಟು ಮಾರ್ಟಿನಾಳ ಕಡೆ ನೋಡಿದಳು. ಮಾರ್ಟಿನಾ ಸುಮ್ಮನೆ ನಕ್ಕು, “ಹಂಗಾದ್ರ ನಿಮ್ಮಾಕೀಗೂ ಒಂದು ಕೌದಿ ಹೊಲೀತಾಳ ಬಿಡ್ರೀ ನಮ್ಮಾಕಿ” ಎಂದಳು.

‘ನಮ್ಮಾಕಿ.’ ಅಷ್ಟೇ ಹೇಳಿದ್ದು. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ನನಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಆಮೇಲೆ ನನ್ನ ಗಂಡ ಧರ್ಮಪಾಲರ ನೆನಪಾಯಿತು. ಮದುವೆಯಾಗಿ ಹದಿನಾಲ್ಕು ವರ್ಷ ಕಳೆದರೂ ನನಗೆ ಚಹಾಕ್ಕೆ ಸಕ್ಕರೆ ಬೇಕೋ ಬೇಡವೋ ಅವರಿಗೆ ಗೊತ್ತಿಲ್ಲ. ಇಲ್ಲಿ ಆಮಿನ, ಕೇಳದೆಯೇ, ಮಾರ್ಟಿನಾಳ ಮಗ್ಗಿಗೆ ಒಂದು ಚೂರು ಬೆಲ್ಲ ಹಾಕಿ, ಕಲಕಿ, ಹಿಡಿಕೆ ಅವಳ ಕೈಗೆ ಸಿಗುವ ಹಾಗೆ ತಿರುಗಿಸಿ ಇಟ್ಟಿದ್ದಳು. ಇದು ಸಂಸಾರವಲ್ಲದಿದ್ದರೆ ನನ್ನದು ಏನು ಎಂದು ನನಗೇ ನಗು ಬಂತು.

ಆ ನಗು ೨೦೦೩ರ ರಂಜಾನ್ ಹೊತ್ತಿಗೆ ಸ್ವಲ್ಪ ಬಾಡಿತು. ಊರಿನಿಂದ ಆಮಿನಳ ಅಣ್ಣ ಫೋನು ಮಾಡಿದ್ದ. ಹೆಂಡತಿ ಸತ್ತ ಒಬ್ಬ ಒಳ್ಳೆಯ ಮನುಷ್ಯ, ಎರಡು ಮಕ್ಕಳು, ಫಾರೆಸ್ಟ್ ಗಾರ್ಡ್ ಕೆಲಸ. ಹೊಸ ವರ್ಷದೊಳಗೆ ಬಂದುಬಿಡು, ಇನ್ನೆಷ್ಟು ದಿನ ಪರದೇಶದಲ್ಲಿ ಒಂಟಿಯಾಗಿ ಇರುತ್ತೀಯ ಎಂದ. ಆಮಿನಳ ವೀಸಾ ಕೂಡ ಆಗಲೇ ಮುಗಿಯುವುದಿತ್ತು. ಅಂಗಡಿಯವರು ನವೀಕರಿಸಲು ತಯಾರಿದ್ದರು, ಅವಳು ಹ್ಞೂಂ ಅನ್ನಬೇಕಿತ್ತು ಅಷ್ಟೆ. ಅಣ್ಣನಿಗೂ ಹ್ಞೂಂ ಅನ್ನಲಿಲ್ಲ, ಅಂಗಡಿಗೂ ಅನ್ನಲಿಲ್ಲ. ಕೌದಿ ಹೊಲಿಯುತ್ತ ಕೂತಳು.

“ಕೇಳು ಮಾರಾಯ್ತಿ, ಹೋಗ್ತೀಯಾ ಇರ್ತೀಯಾ ಅಂತ!” ಎಂದೆ ನಾನು ಮಾರ್ಟಿನಾಳಿಗೆ, ಅಮಿತಾಳನ್ನು ಬಸ್ಸಿನಿಂದ ಇಳಿಸಿಕೊಳ್ಳುವಾಗ.

“ಬಾಯಿ ಬರವಲ್ದು ರಾಜೀವಿ ಅಕ್ಕಾ.” ಇಡೀ ಬಸ್ಸನ್ನು ಒಂದೇ ಕೂಗಿಗೆ ಅಡಗಿಸುವ ಹೆಂಗಸಿನ ದನಿ ನೆಲಕ್ಕಿಳಿದಿತ್ತು. “ನಾ ಕೇಳಿದ್ರ ಇರು ಅಂದಂಗ ಆಕ್ಕೈತಿ. ಆಕೀಗೆ ಮನಿ ಬೇಕು, ಮಕ್ಳು ಬೇಕು ಅಂತಿದ್ರ ನಾ ಯಾಕ ಅಡ್ಡ ಬರ್ಲಿ?”

“ನೀನೊಂದು ಪೆದ್ದು” ಎಂದು ನಾನು ಬೈದೆ. ಅಮಿತಾ ನಡುವೆ ಬಾಯಿ ಹಾಕಿ “ಮಮ್ಮಿ, ಡೋಂಟ್ ಶೌಟ್ ಅಟ್ ಮಾರ್ಟಿನಾ ಆಂಟಿ” ಎಂದಳು. ಅವಳಿಗೂ ಎರಡು ಬಿತ್ತು.

ಇಷ್ಟರಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ನವೆಂಬರ್ ತುಂಬ ರಂಜಾನ್ ಇದ್ದುದರಿಂದ ಅದನ್ನು ಡಿಸೆಂಬರಿನ ಒಂದು ಶುಕ್ರವಾರಕ್ಕೆ ಹಾಕಿದ್ದರು. ಶಾಲೆಯ ಸಭಾಂಗಣ, ಬಿಸಿಬೇಳೆಬಾತು, ಮಕ್ಕಳ ನೃತ್ಯ, ಮತ್ತು ವರ್ಷವರ್ಷವೂ ನಡೆಯುವ ಅನುರೂಪ ಜೋಡಿ ಸ್ಪರ್ಧೆ. ಇದರ ರೀತಿ ಹೀಗೆ: ಜೋಡಿಯಲ್ಲಿ ಒಬ್ಬರನ್ನು ಹೊರಗೆ ಕಳಿಸಿ, ಒಳಗಿದ್ದವರಿಗೆ ಪ್ರಶ್ನೆ ಕೇಳುವುದು, ಆಮೇಲೆ ಹೊರಗಿದ್ದವರನ್ನು ಕರೆದು ಅದೇ ಪ್ರಶ್ನೆ. ಇಬ್ಬರ ಉತ್ತರ ಒಂದೇ ಆದರೆ ಒಂದು ಅಂಕ. ಇದರಿಂದ ಗಲ್ಫ್‌ನಲ್ಲಿ ಎಷ್ಟು ಮನೆಗಳಲ್ಲಿ ವಾರಗಟ್ಟಲೆ ಮಾತು ನಿಂತಿದೆಯೋ ದೇವರಿಗೇ ಗೊತ್ತು.

ಮುಖ್ಯ ಅತಿಥಿಯಾಗಿ ಪ್ರೊಫೆಸರ್ ಜೋಸ್ಫಿನ್ ಅವರನ್ನು ಒಪ್ಪಿಸಿದ್ದು ನಾನು. ಮಾರ್ಟಿನಾ, ಆಮಿನರನ್ನು ಎಳೆದುಕೊಂಡು ಬಂದದ್ದೂ ನಾನೇ. ಬಾಗಿಲಲ್ಲಿ ಹೂಗುಚ್ಛ ಹಿಡಿದು ನಿಂತಿದ್ದ ಕಾರ್ಯದರ್ಶಿ ಶಾಮಸುಂದರ, ಮೈಸೂರಿನ ಸಭ್ಯ ಮನುಷ್ಯ, ಮೂವರು ಕಪ್ಪು ಹೆಂಗಸರನ್ನು ಒಟ್ಟಿಗೆ ಕಂಡು ಗೊಂದಲಕ್ಕೆ ಬಿದ್ದ. ಕೊನೆಗೆ ಅತ್ಯಂತ ಚೆನ್ನಾಗಿ ಸಿಂಗರಿಸಿಕೊಂಡಿದ್ದ ಆಮಿನಳಿಗೇ ಬಾಗಿ ಗುಚ್ಛ ಕೊಟ್ಟು “ವೆಲ್ಕಮ್ ಪ್ರೊಫೆಸರ್” ಎಂದ.

“ಭಾಳ ಉಪಕಾರ ಆತ್ರೀ ಸಾಹೇಬ್ರ” ಎಂದಳು ಆಮಿನ.

ಶಾಮಸುಂದರನ ಮುಖ ನೋಡಬೇಕಿತ್ತು. “ಕ್ಷಮಿಸಿ, ಅದು... ಅವರಿಗೆ...” ಎಂದು ಕೈ ಚಾಚಿದ. ಆಮಿನ ಗುಚ್ಛವನ್ನು ಎದೆಗೊತ್ತಿ ಹಿಡಿದು ಒಳಗೆ ನಡೆದೇಬಿಟ್ಟಳು. ನಾನು ಕಿವಿಯಲ್ಲಿ ವಿಷಯ ಹೇಳಿದಾಗ ಪ್ರೊಫೆಸರ್ ನಕ್ಕ ನಗುವಿಗೆ ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ತಮ್ಮ ಊರಿನ ಕಾಲೇಜಿನಲ್ಲಿ ತಮ್ಮನ್ನೂ ಇನ್ನೊಬ್ಬ ಕಪ್ಪು ಅಧ್ಯಾಪಕಿಯನ್ನೂ ಹೊರಗಿನಿಂದ ಬಂದ ಬಿಳಿ ಅತಿಥಿಗಳು ಒಬ್ಬರೇ ಎಂದುಕೊಂಡಿದ್ದರಂತೆ. “ಅಲ್ಲಿ ನನಗೆ ಯಾರೂ ಹೂವು ಕೊಡಲಿಲ್ಲ, ಇವಳೇ ವಾಸಿ” ಎಂದರು.

ಸ್ಪರ್ಧೆಗೆ ನಾಲ್ಕು ಜೋಡಿ ಬೇಕು. ರುವೈಸಿನ ತೈಲ ಕಂಪನಿಯ ಕ್ವಾರ್ಟರ್ಸಿನಿಂದ ಎರಡು ಜೋಡಿ ಬರಬೇಕಿತ್ತು. ದಾರಿಯಲ್ಲಿ ದಟ್ಟ ಮಂಜು ಕವಿದು ಒಂದು ಕಾರು ಮಾತ್ರ ಬಂತು. ಇಲ್ಲಿ ಇದ್ದವರು ಒಂದು ಡಾಕ್ಟರ್ ಜೋಡಿ, ಮತ್ತೆ ನಾವು. ಶಾಮಸುಂದರ ಮೈಕ್ ಹಿಡಿದು “ಇನ್ನೊಂದು ಜೋಡಿ, ಯಾರಾದರೂ ಬನ್ನಿ” ಎಂದು ಅಂಗಲಾಚುತ್ತಿದ್ದರೆ ಗಂಡಸರೆಲ್ಲ ಒಬ್ಬೊಬ್ಬರಾಗಿ ಸಿಗರೇಟಿನ ನೆಪದಲ್ಲಿ ಹೊರಗೆ ಜಾರುತ್ತಿದ್ದರು. ನಾನು ವೇದಿಕೆಯ ಮೇಲಿಂದಲೇ ಕೂಗಿದೆ:

“ಅಲ್ಲಿ ಉಂಟಲ್ಲ ಜೋಡಿ! ಮಾರ್ಟಿನಾ, ಆಮಿನ, ಬನ್ನಿ ಮೇಲೆ.”

“ಮೇಡಂ, ಇದು ದಂಪತಿಗಳಿಗೆ” ಎಂದು ಶಾಮಸುಂದರ ಪಿಸುಗುಟ್ಟಿದ.

“ಅವರು ಹನ್ನೊಂದು ವರ್ಷದಿಂದ ಒಂದೇ ಪಾತ್ರೆಯ ಅನ್ನ ಉಣ್ಣುವವರು. ಇಲ್ಲಿ ಎಷ್ಟು ಹೆಂಡತಿಯರು ವಾರಕ್ಕೊಮ್ಮೆ ಗಂಡನ ಮುಖ ನೋಡ್ತಾರೆ ಅಂತ ಕೇಳಿ ನೋಡಿ ಬೇಕಾದ್ರೆ!”

ಹೆಂಗಸರ ಕಡೆಯಿಂದ ಚಪ್ಪಾಳೆ ಬಿತ್ತು. ಬಸ್ಸಿನ ಮಕ್ಕಳು “ಮಾರ್ಟಿನಾ ಆಂಟಿ! ಮಾರ್ಟಿನಾ ಆಂಟಿ!” ಎಂದು ಕಿರುಚತೊಡಗಿದರು. ಸಭೆಗೆ ಅದೊಂದು ತಮಾಷೆ. ಗೆಳತಿಯರಿಬ್ಬರು ಗಂಡ-ಹೆಂಡತಿಯ ಆಟಕ್ಕೆ ನಿಂತಿದ್ದಾರೆ, ಮಜಾ ಬರುತ್ತದೆ ಎಂದುಕೊಂಡರು. ಅದು ಆಟವಲ್ಲ ಎಂದು ಗೊತ್ತಿದ್ದದ್ದು ಅವರಿಬ್ಬರ ಹೊರತು ನನಗೆ ಮತ್ತು ಪ್ರೊಫೆಸರಿಗೆ. ಎಲ್ಲರೂ ನಗುತ್ತಿರುವಾಗ ಎಲ್ಲರ ಎದುರಿಗೇ ಅವರು ಜೋಡಿಯಾಗಿ ನಿಂತಿದ್ದರು. ನನಗೆ ಹೆಮ್ಮೆಯಾಯಿತು.

ನಮ್ಮ ಸರದಿ ಮೊದಲು ಬಂತು, ಅದನ್ನು ಹೆಚ್ಚು ವಿವರಿಸುವುದಿಲ್ಲ. ಹೆಂಡತಿಗೆ ಇಷ್ಟವಿಲ್ಲದ ತಿಂಡಿ ಯಾವುದು ಎಂದು ಕೇಳಿದರೆ ಧರ್ಮಪಾಲರು “ಅವಳಿಗೆ ಎಲ್ಲವೂ ಇಷ್ಟ” ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಕೆಳಗಿಳಿದು ಪ್ರೊಫೆಸರ್ ಪಕ್ಕ ಕೂತು ಅನುವಾದಕ್ಕೆ ತೊಡಗಿದೆ. ಡಾಕ್ಟರ್ ಜೋಡಿ, ರುವೈಸ್ ಜೋಡಿ ಪರವಾಗಿಲ್ಲ ಎನ್ನುವಂತೆ ಆಡಿದರು. ರುವೈಸಿನವರಿಗೆ ಒಂದು ಉತ್ತರ ಮಾತ್ರ ತಪ್ಪಿತ್ತು.

ನಾಲ್ಕನೇ ಜೋಡಿಯಲ್ಲಿ ಮಾರ್ಟಿನಾ ಹೊರಗೆ ಹೋದಳು. ಆಮಿನ ಹೂಗುಚ್ಛ ಮಡಿಲಲ್ಲಿಟ್ಟುಕೊಂಡು ಕುರ್ಚಿಯ ತುದಿಗೆ ಕೂತಳು. ಎದ್ದ ಕೂಡಲೇ ಅವಳು ಮಾಡುವ ಮೊದಲ ಕೆಲಸ? “ಕಿಡಕಿ ತಗದು ಸಮುದ್ರ ಐತೋ ಇಲ್ಲೋ ನೋಡ್ತಾಳ.” ಸಿಟ್ಟು ಬಂದರೆ? “ಪಾತ್ರೆ ತಿಕ್ಕತಾಳ. ತಿಕ್ಕಿದ್ದನ್ನ ಮತ್ತ ತಿಕ್ಕತಾಳ.” ಯಾವುದಕ್ಕೆ ಹೆದರುತ್ತಾಳೆ? “ಹಲ್ಲಿಗೆ.” ಪ್ರತಿ ಉತ್ತರಕ್ಕೂ ಸಭೆ ಹೋ ಎನ್ನುತ್ತಿತ್ತು. ಕೊನೆಯ ಪ್ರಶ್ನೆ ಎಲ್ಲ ಜೋಡಿಗಳಿಗೂ ಒಂದೇ: “ಇನ್ನು ಹತ್ತು ವರ್ಷಕ್ಕೆ ನೀವಿಬ್ಬರೂ ಎಲ್ಲಿರ್ತೀರಿ?”

ಆಮಿನ ಹೂವಿನ ಒಂದು ಎಸಳನ್ನು ಕಿತ್ತಳು, ಇನ್ನೊಂದನ್ನು ಕಿತ್ತಳು. ಪ್ರೊಫೆಸರ್ ಏನು ಪ್ರಶ್ನೆ ಎಂದು ಕೇಳಿದರು, ನಾನು ಹೇಳಿದೆ. ಅವರು ನನ್ನ ಮುಂಗೈ ಹಿಡಿದುಕೊಂಡರು.

“ಎಲ್ಲಿ ಅಂದ್ರ?” ಎಂದಳು ಆಮಿನ ಕೊನೆಗೆ, ಶಾಮಸುಂದರನಿಗೇ ಬೈಯುವವಳ ಹಾಗೆ. “ಇದ ಊರಾಗ, ಇದ ಖೋಲ್ಯಾಗ. ಆಕಿ ಬಸ್ಸಿಂದ ಬಂದು ಕಾಲು ಚಾಚ್ತಾಳ, ನಾ ಚಾ ಮಾಡ್ತೀನಿ. ಊರಿಗೆ ಹೋದ್ರ ಇಬ್ರೂ ಕೂಡೇ ಹೋಗೂದು. ಒಬ್ಬಾಕೀನ ಹೋಗೂದಿಲ್ಲ ನಾ. ಬರ್ಕೋರಿ.”

ನನಗೆ ಅನುವಾದ ಮಾಡಲಾಗಲಿಲ್ಲ. “ಇರ್ತಾಳಂತೆ” ಎಂದು ಕನ್ನಡದಲ್ಲೇ ಹೇಳಿಬಿಟ್ಟೆ. ಪ್ರೊಫೆಸರಿಗೆ ಅರ್ಥವಾಗಿತ್ತು.

ಮಾರ್ಟಿನಾಳನ್ನು ಕರೆತಂದರು. ಆಮಿನ ತನ್ನ ಬಗ್ಗೆ ಏನು ಹೇಳಿರಬಹುದೆಂದು ಅವಳು ಊಹಿಸಬೇಕಿತ್ತು. ಕಿಟಕಿ, ಪಾತ್ರೆ, ಹಲ್ಲಿ, ಎಲ್ಲವೂ ಸರಿ. ಬೇರೆ ಯಾವ ಜೋಡಿಗೂ ಹೀಗೆ ಸಾಲಾಗಿ ಹೊಂದಿರಲಿಲ್ಲ. ಮಕ್ಕಳು ಕುರ್ಚಿಯ ಮೇಲೆ ನಿಂತಿದ್ದರು. ಇನ್ನೊಂದು ಸರಿಯಾದರೆ ಗೆಲುವು ಇವರದೇ. ಶಾಮಸುಂದರನಿಗೂ ಉತ್ಸಾಹ ಉಕ್ಕಿ ಬಂದಿತ್ತು.

“ಕೊನೇ ಪ್ರಶ್ನೆ ಮೇಡಂ. ಇನ್ನು ಹತ್ತು ವರ್ಷಕ್ಕೆ ನೀವಿಬ್ಬರೂ ಎಲ್ಲಿರ್ತೀರಿ?”

ಮಾರ್ಟಿನಾ ಆಮಿನಳ ಕಡೆ ನೋಡಲಿಲ್ಲ. ನೆಲ ನೋಡಿದಳು. ಆ ದೊಡ್ಡ ಗಂಟಲು ಎಲ್ಲಿ ಹೋಯಿತೋ, ಮೈಕ್ ಇದ್ದರೂ ಕಿವಿಗೊಟ್ಟರಷ್ಟೇ ಕೇಳಿಸುವಂತಿತ್ತು.

“ಆಕಿ ಊರಾಗ ಇರ್ತಾಳ್ರೀ. ತನ್ನ ಮನ್ಯಾಗ, ಮಕ್ಳನ್ನ ಸಾಕ್ಕೊಂಡು ಚಂದ ಇರ್ತಾಳ. ನಾ ಇಲ್ಲೇ ಬಸ್ಸಿನಾಗ.”

“ತಪ್ಪೂ!” ಎಂದು ಇಡೀ ಸಭೆ ಒಂದೇ ದನಿಯಲ್ಲಿ ಕೂಗಿತು. ಆಮೇಲೆ ಅಯ್ಯೋ ಅಯ್ಯೋ ಎಂದು ಲೊಚಗುಟ್ಟಿತು. ರುವೈಸಿನ ಜೋಡಿಯ ಗಂಡ ಎದ್ದು ಕುಣಿದ. ಸಮಾನ ಅಂಕ ಬಂದರೆ ಹೆಚ್ಚು ವರ್ಷದ ಮದುವೆಯವರಿಗೆ ಬಹುಮಾನ ಎಂದು ಯಾರೋ ಕೂಗಿದರು. ಇಷ್ಟು ಗದ್ದಲದ ನಡುವೆ ಪ್ರೊಫೆಸರ್ ಜೋಸ್ಫಿನ್ ಒಬ್ಬರೇ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಪಾಪ, ಮುಖ್ಯ ಅತಿಥಿಗೆ ಕನ್ನಡ ಬಾರದು ಎಂದು ಹಿಂದಿನ ಸಾಲಿನವರು ಮರುಗಿದರು.

ಮಾರ್ಟಿನಾ ಮಾತ್ರ ಏನೂ ಅರ್ಥವಾಗದೆ ನಿಂತಿದ್ದಳು. “ತಪ್ಪೇನ್ರೀ?” ಎಂದಳು.

“ಒಂದೇ ಒಂದು ತಪ್ಪು ಮೇಡಂ, ಛೆ!” ಎಂದ ಶಾಮಸುಂದರ ನಿಜವಾದ ಬೇಸರದಿಂದ. “ಅವರು ಇಲ್ಲೇ, ಇದೇ ರೂಮಲ್ಲಿ, ನಿಮ್ಮ ಜೊತೆ ಅಂದರು. ಊರಿಗೆ ಹೋದರೂ ಇಬ್ಬರೂ ಒಟ್ಟಿಗೆ ಅಂತೆ. ಒಬ್ಬರೇ ಹೋಗೋದೇ ಇಲ್ಲವಂತೆ.”

ಮಾರ್ಟಿನಾ ಆಗ ಆಮಿನಳ ಕಡೆ ತಿರುಗಿದಳು. ಆಮಿನ ಅರ್ಧ ಬೋಳಾದ ಹೂಗುಚ್ಛದ ಹಿಂದೆ ಮುಖ ಮರೆಸಿಕೊಂಡು, “ಹನ್ನೊಂದು ವರ್ಷ ಆದ್ರೂ ನನ್ನ ಓದಾಕ ಬರವಲ್ದು ಇಕೀಗೆ” ಎಂದು ಎಲ್ಲರಿಗೂ ಕೇಳುವಂತೆ ಬೈದಳು. ಸಭೆ ಮತ್ತೆ ನಕ್ಕಿತು. ಮಾರ್ಟಿನಾಳ ಮುಖ ಅರಳುತ್ತಾ ಹೋಯಿತು, ಕಣ್ಣು ತುಂಬುತ್ತಾ ಹೋಯಿತು. ಅವಳು ಶಾಮಸುಂದರನ ಕೈಯಿಂದ ಮೈಕನ್ನೇ ಕಿತ್ತುಕೊಂಡಳು. ಈ ಸಲ ದನಿ ಬಸ್ಸಿನ ದನಿಯೇ, ಸಭಾಂಗಣದ ಹೊರಗೆ ಸಿಗರೇಟು ಸೇದುತ್ತಿದ್ದವರೂ ಬೆಚ್ಚಿ ಒಳಗೆ ಬಂದರು.

“ಇನ್ನೊಮ್ಮೆ ಹೇಳ್ರೀ ಸಾಹೇಬ್ರ,” ಎಂದಳು. “ಎಲ್ಲಾರಿಗೂ ಕೇಳೂವಂಗ ಹೇಳ್ರೀ. ನಂದು ತಪ್ಪು ಅಂತ.”